ಕೋಳಿ ಮೇಷ್ಟ್ರ ಒದ್ದೆ ಹಾಸು

ಊರವರೆಲ್ಲ ಅವರನ್ನು ಕೋಳಿ ಮೇಷ್ಟ್ರು ಎನ್ನುತ್ತಿದ್ದರು. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳಿದವರಲ್ಲ. ಇಪ್ಪತ್ತೆರಡು ವರ್ಷ ಬ್ರಾಯ್ಲರ್ ಕೋಳಿ ಸಾಕಿ, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳಿ ಸಂಪಾದಿಸಿದ ಹೆಸರದು.

ಆ ಸಲ ಮೂರನೇ ವಾರಕ್ಕೇ ಕೋಳಿಗಳು ಕುಂಟತೊಡಗಿದವು. ಮೇವಿನ ತಟ್ಟೆಯ ತನಕವೂ ನಡೆಯಲಾರದೆ ಕೂತಲ್ಲೇ ಕೂತವು. ತೂಕ ಏರಲಿಲ್ಲ. ಮೇಷ್ಟ್ರು ಹಿಂದೆಮುಂದೆ ನೋಡದೆ ಮರಿಗಳ ಮೇಲೆ ತಪ್ಪು ಹೊರಿಸಿದರು. ಮರಿ ಕೊಡುತ್ತಿದ್ದವರು ಸ್ವಂತ ಅಕ್ಕನ ಗಂಡ. ಚಹಾದಂಗಡಿಯಲ್ಲಿ ನಾಲ್ಕು ಜನರ ಮುಂದೆ, ಭಾವನ ಮರಿಗಳಿಗೆ ಕಾಲಲ್ಲಿ ಕಸುವೇ ಇಲ್ಲ ಎಂದುಬಿಟ್ಟರು. ಮೇಷ್ಟ್ರು ಹೇಳಿದರೆಂದರೆ ಮುಗಿಯಿತು. ಮೂವರು ಸಾಕಣೆಯವರು ಭಾವನ ಕಡೆ ಹೋಗುವುದನ್ನೇ ಬಿಟ್ಟರು. ಮನೆಗೆ ಬಂದು ಹೇಳಬಹುದಿತ್ತಲ್ಲ ಎಂದು ಅಕ್ಕ ಫೋನಿನಲ್ಲಿ ಕೇಳಿದಾಗ, ನೆಂಟಸ್ತಿಕೆ ಬೇರೆ, ವ್ಯಾಪಾರ ಬೇರೆ ಎಂದು ದೊಡ್ಡ ಮಾತಾಡಿದರು.

ನಾಲ್ಕು ದಿನ ಕಳೆದು ಪಶುವೈದ್ಯೆ ಬಂದಳು. ಮೇಷ್ಟ್ರ ಮಗಳ ವಯಸ್ಸಿನವಳು. ಶೆಡ್ಡಿನ ಬಾಗಿಲು ದಾಟುತ್ತಲೇ ಕರವಸ್ತ್ರ ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು. ಹೊಸಬರಿಗೆ ಹಾಗೇ ಎಂದು ಮೇಷ್ಟ್ರು ನಕ್ಕರು. ಅವರ ಮೂಗಿಗೆ ಆ ಘಾಟು ಎಂದೋ ಒಗ್ಗಿಹೋಗಿತ್ತು. ಆಕೆ ಒಂದು ಕೋಳಿಯನ್ನೆತ್ತಿ ಮಗುಚಿ ಹಿಡಿದಳು. ಅಂಗಾಲು ಸುಟ್ಟಂತೆ ಕಪ್ಪಾಗಿ ಬಿರಿದಿತ್ತು. ಇನ್ನೊಂದನ್ನು ಎತ್ತಿದಳು, ಮತ್ತೊಂದನ್ನೂ. ಎಲ್ಲವೂ ಹಾಗೇ.

"ಮೇಷ್ಟ್ರೇ, ಇಲ್ಲಿ ಒಂದ್ನಿಮಿಷ ಮಂಡಿಯೂರಿ ಕೂತ್ಕೊಳ್ಳಿ."

ಕೂತರು. ನೆಲಕ್ಕೆ ಹಾಸಿದ್ದ, ಮೇಲೆ ಒಣಗಿದಂತೆ ಕಾಣುತ್ತಿದ್ದ ಮರದ ಹೊಟ್ಟಿನ ಅಡಿಯಿಂದ ತಣ್ಣನೆಯ ತೇವ ಪ್ಯಾಂಟಿಗೆ ಹತ್ತಿತು.

"ನೀವು ಒಂದ್ನಿಮಿಷ ಕೂತ್ರಿ. ಅವು ಮೂರು ವಾರದಿಂದ ಇದರ ಮೇಲೇ ಇವೆ."

ಆಕೆ ಹೇಳಿದ್ದರಲ್ಲಿ ಮೇಷ್ಟ್ರಿಗೆ ತಿಳಿಯದ್ದು ಏನೂ ಇರಲಿಲ್ಲ. ಹಿಕ್ಕೆ ಕೂಡಿದ ಹಸಿ ಹಾಸು ಕಾಲನ್ನು ಸುಡುತ್ತದೆ, ಕಾಲು ನೊಂದ ಕೋಳಿ ಮೇವಿಗೆ ಹೋಗುವುದಿಲ್ಲ, ತಿನ್ನದ ಕೋಳಿ ಬೆಳೆಯುವುದಿಲ್ಲ. ಹಾಸನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರೆ ಉದುರಬೇಕು, ಉಂಡೆ ಕಟ್ಟಿದರೆ ತೆಗೆದೆಸೆಯಬೇಕು ಎಂದು ಊರಿಗೆಲ್ಲ ಹೇಳಿಕೊಟ್ಟವರು ಅವರೇ. ಈ ಸಲ ಮಾತ್ರ, ಯಾರು ಬಳಿಯುತ್ತಾರೆ ಎಂಬ ಸೋಮಾರಿತನಕ್ಕೆ, ಹಿಂದಿನ ಸಲದ ಹಳೆಯ ಹಾಸಿನ ಮೇಲೇ ಎರಡು ಬೆರಳು ದಪ್ಪ ಹೊಸ ಹೊಟ್ಟು ಹರಡಿ ಮುಚ್ಚಿಬಿಟ್ಟಿದ್ದರು. ಕೋಳಿ ಕುಂಟಿದ ದಿನವೇ ಒಳಗೊಳಗೆ ಅದು ನೆನಪಾಗಿತ್ತು. ಆದರೂ ಚಹಾದಂಗಡಿಗೆ ಹೋಗಿ ಭಾವನ ಹೆಸರು ಹೇಳಿದ್ದರು.

ಅದೇ ಒದ್ದೆ ಪ್ಯಾಂಟಿನಲ್ಲಿ ಭಾವನ ಮನೆಗೆ ಹೋದರು. ಭಾವ ಮೊಟ್ಟೆಯ ತಟ್ಟೆ ಜೋಡಿಸುತ್ತಿದ್ದರು.

"ಭಾವ, ತಪ್ಪು ಮರೀದಲ್ಲ. ನಾನೇ ಹಾಸು ತೆಗೀದೆ ಬಿಟ್ಟಿದ್ದೆ."

"ಗೊತ್ತಿತ್ತು. ನಿನ್ನ ಶೆಡ್ಡಿನ ಮುಂದೆ ಹೋದಾಗ್ಲೇ ಘಾಟು ಬಡಿದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾಲ್ಕು ಜನರೆದುರು ನಿನ್ನ ಮಾನ ಯಾಕೆ ಕಳೀಲಿ ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದರು. ಈ ಮಾತಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಒಳಗೆ ಅಕ್ಕ ಇದ್ದಳು, ಹೊರಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಚಹಾದಂಗಡಿಯಲ್ಲಿ, ನಡೆದದ್ದನ್ನು ಇದ್ದಹಾಗೆ ಹೇಳಿದರು. ಒಬ್ಬಿಬ್ಬರು ಮುಸಿಮುಸಿ ನಕ್ಕರು. ಭಾವನನ್ನು ಬಿಟ್ಟಿದ್ದವರಲ್ಲಿ ಇಬ್ಬರು ತಿರುಗಿ ಹೋದರು, ಮೂರನೆಯವನು ಹೋಗಲೇ ಇಲ್ಲ. ಮೇಷ್ಟ್ರು ಶೆಡ್ಡನ್ನು ನೆಲ ಕಾಣುವವರೆಗೆ ಕೆರೆದು, ಒಣ ಭತ್ತದ ಹೊಟ್ಟು ಹಾಸಿದರು. ಕೆಲವು ಕೋಳಿಗಳು ಚೇತರಿಸಿಕೊಂಡವು, ಬಹಳ ನೊಂದವು ಕೊನೆಯವರೆಗೂ ಕುಂಟಿದವು.

ಈಗಲೂ ಜನ ಮೇಷ್ಟ್ರೇ ಎಂದೇ ಕರೆಯುತ್ತಾರೆ. ಯಾರಾದರೂ ಸಲಹೆ ಕೇಳಿದರೆ ಅವರು, ಆ ಡಾಕ್ಟ್ರಮ್ಮನ್ನ ಕೇಳಿ ಎಂದು ಮೆಲ್ಲಗೆ ಎದ್ದು ಹೋಗುತ್ತಾರೆ.