ಸಿಗಿಲಾಯ್ ಹೆಸರಿಗೆ ಬಂದ ಸೀನು

ಅರಪ್ ಮಿಬೆಯಿಗೆ ಸೊಟಿಕ್‌ನಲ್ಲಿ ಚಹಾ ಸೊಪ್ಪು ತೂಗುವ ಕೆಲಸ. ಆದರೆ ನಮ್ಮ ಕಿಪ್ಸಿಗಿಸ್ ಭಾಷೆಯನ್ನು ದೇವರು ತನ್ನೊಬ್ಬನ ಕಾವಲಿಗೇ ಬಿಟ್ಟಂತೆ ಆಡುತ್ತಿದ್ದ. ಸಾವಿನ ಮನೆಯಲ್ಲಿ ಅಳುವವರ ಉಚ್ಚಾರವನ್ನೂ ತಿದ್ದಿದ ಮನುಷ್ಯ ಅವನು. ಬೇರೆ ಮಾತಿನ ನೆರೆಯ ಗುಸಿ ಜನರ ಕಡೆಯಿಂದ ಬಂದ ಸೊಸೆ ಕೆರುಬೊ, ಅವನ ಅಣಕಕ್ಕೆ ಹೆದರಿ ಎರಡು ವರ್ಷ ಮಾತನ್ನೇ ಕಡಿಮೆ ಮಾಡಿದ್ದಳು.

ಅವಳಿಗೆ ಗಂಡು ಮಗು ಹುಟ್ಟಿತು. ನಮ್ಮಲ್ಲಿ ಹೆಂಗಸರು ಸತ್ತ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ. ಯಾವ ಹೆಸರಿಗೆ ಮಗು ಸೀನುತ್ತದೋ ಆ ಹಿರಿಯನೇ ಮರಳಿ ಬಂದನೆಂದು ಅರ್ಥ. ಮಿಬೆಯಿಗೆ ತನ್ನ ಅಪ್ಪ ಸಿಗಿಲಾಯ್ ಬರಲೇಬೇಕಿತ್ತು. ಗಂಡಸರು ಒಳಗೆ ಬರುವಂತಿಲ್ಲ. ಆದ್ದರಿಂದ ಬಾಗಿಲಾಚೆ ನಿಂತೇ ಕೂಗಿದ:

“‘ಲಾ’ ಅಂತ ಎಳೀರಮ್ಮ! ಕೊನೇಲಿ ದನಿ ಇಳಿಸಿ! ಹಿಂಗೆ ಕರೆದ್ರೆ ನಮ್ಮಪ್ಪ ಹೆಂಗೆ ಬರ್ತಾನೆ?”

“ನೀನು ಬಾಯಿ ಮುಚ್ಚಿದ್ರೆ ಬರ್ತಾನೇನೋ,” ಎಂದರು ಒಳಗೆ ಹೆಸರು ಕೂಗುತ್ತಿದ್ದ ತಪ್ರಂದಿಚ್ ಅಜ್ಜಿ, ಮಗುವಿನ ಮೂಗಿಗೆ ಚೂರು ನಶ್ಯ ಹಿಡಿಯುತ್ತ.

ಹತ್ತು ಸಲ ಕೂಗಿದರೂ ಮಗು ಸೀನಲಿಲ್ಲ. ಅಜ್ಜಿ ಬೇರೆ ಹೆಸರಿಗೆ ಹೊರಟಾಗ ಕೆರುಬೊ ಮಗುವನ್ನು ಎದೆಗೊತ್ತಿಕೊಂಡು, ಎಳೆಯದೆ, ಇಳಿಸದೆ, ತನ್ನ ಗುಸಿ ನಾಲಿಗೆಗೆ ಬಂದಂತೆ, “ಸಿಗಿಲಯ್, ಬಾರಪ್ಪ,” ಎಂದಳು.

ಮಗು ಸೀನಿತು.

ಮರುದಿನ ತಕ್ಕಡಿಯ ಬಳಿ ಮಿಬೆಯಿ ನಾಚಿಕೆಯಿಲ್ಲದೆ ಹೇಳುತ್ತಿದ್ದ: “ನಾನು ನಿಂತು ತಿದ್ದಿದ್ದಕ್ಕೇ ಅಪ್ಪ ಬಂದ, ತಿಳೀತಾ?”

ಮನೆಯಲ್ಲಿ ಮಾತ್ರ ಕೆರುಬೊ ದಿನವಿಡೀ “ಸಿಗಿಲಯ್, ಸಿಗಿಲಯ್” ಎಂದು ಜೋರಾಗಿ ಕರೆಯುತ್ತಾಳೆ. ಅಪ್ಪನೇ ಓಗೊಟ್ಟ ಹೆಸರನ್ನು ತಿದ್ದಲಾರದೆ ಮಿಬೆಯಿ ಅಂಗಳಕ್ಕೆ ಎದ್ದು ಹೋಗುತ್ತಾನೆ.