ಗೆಟ್ ಎಂಬ ಧರ್ಮಛತ್ರ

ನಾನು ಇಂಗ್ಲಿಷ್ ಕಲಿತದ್ದು ಒಬ್ಬ ಸಂಸ್ಕೃತ ಪಂಡಿತರಿಂದ. ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ, ಆಗ ನನಗೆ ನಗು ಬರುವ ಸ್ಥಿತಿ ಇರಲಿಲ್ಲ. ಆ ಪಂಡಿತರು ನನ್ನ ಮಾವನವರು. ಮುಳಬಾಗಿಲಿನ ಮನೆಯಲ್ಲಿ ನಾವಿಬ್ಬರೇ ಉಳಿದಿದ್ದೆವು. ಅತ್ತೆ ಮೊದಲೇ ತೀರಿಕೊಂಡಿದ್ದರು. ಮದುವೆಯಾದ ಮೂರನೆಯ ವರ್ಷ ವಿಷಮಶೀತ ಜ್ವರದಲ್ಲಿ ನನ್ನ ಗಂಡನೂ ಹೋದರು. ಯುದ್ಧದ ಕಾಲ. ನನಗಿನ್ನೂ ಹತ್ತೊಂಬತ್ತು.

ಕರ್ಮಾಂತರ ಮುಗಿದ ಮೇಲೆ ಮಾಲೂರಿನಿಂದ ಅಣ್ಣ ಬಂದು, "ಇನ್ನಿಲ್ಲಿ ನಿಂಗೇನಿದೆ? ನಡಿ ನಮ್ಮನೆಗೆ" ಎಂದ. ಅವನ ಮನೆಯಲ್ಲಿ ಏನಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗಂಡ ಸತ್ತ ನಮ್ಮ ಸೋದರತ್ತೆ ಅಲ್ಲಿ ಆಗಲೇ ಒಬ್ಬರಿದ್ದರು. ಬೆಳಗಿನಿಂದ ಒಲೆಯ ಮುಂದೆ ಕೂತಿರುತ್ತಿದ್ದರು. ಅವರನ್ನು ಯಾರೂ ಬೈಯುತ್ತಿರಲಿಲ್ಲ, ಯಾರೂ ಮಾತಾಡಿಸುತ್ತಲೂ ಇರಲಿಲ್ಲ. ನಾನು ಹೋಗುವುದಿಲ್ಲ ಎಂದು ಹಟ ಹಿಡಿದೆ.

ಮಾವನವರು ಮಧ್ಯೆ ಬಂದರು. "ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂರಿಸ್ತೀನಿ ಕಣಪ್ಪ. ಪಾಸಾದ್ರೆ ಇಲ್ಲೇ ಹೆಣ್ಣುಮಕ್ಕಳ ಸ್ಕೂಲಲ್ಲಿ ಪಾಠ ಹೇಳೋ ಕೆಲಸ ಸಿಗುತ್ತೆ, ಇಲ್ಲೇ ಇರ್ತಾಳೆ. ನಪಾಸಾದ್ರೆ ನೀನೇ ಬಂದು ಕರ್ಕೊಂಡು ಹೋಗು" ಎಂದರು. ಅಣ್ಣ ತಕ್ಷಣ ಒಪ್ಪಿದ. ನಾನು ಇಂಗ್ಲಿಷಿನಲ್ಲಿ ಮುಗ್ಗರಿಸುವುದು ಖಂಡಿತ ಎಂದು ಅವನ ಲೆಕ್ಕ.

ಮಾವನವರಿಗೆ ಇಂಗ್ಲಿಷ್ ಹೇಳಿಕೊಟ್ಟವರು ಯಾರೂ ಇಲ್ಲ. ಒಂದು ದಪ್ಪ ಡಿಕ್ಷನರಿ ತರಿಸಿಕೊಂಡು ತಾವೇ ಕೂತು ಓದಿದ್ದರು. ಅವರಿಗೆ ಗೊತ್ತಿದ್ದ ದಾರಿಯೂ ಒಂದೇ. ಸಂಸ್ಕೃತ ಕಲಿಯುವ ಮಕ್ಕಳು ಸೂರ್ಯನಿಗಿರುವ ಹೆಸರುಗಳನ್ನೆಲ್ಲ ರಾಗವಾಗಿ ಬಾಯಿಪಾಠ ಮಾಡುತ್ತಾರಲ್ಲ, ಅದು. ಪರ್ಯಾಯ ಪದಗಳು ನಾಲಿಗೆಯ ಮೇಲೆ ಕೂತರೆ ಭಾಷೆ ತಾನಾಗಿ ಹಿಂದೆ ಬರುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ನಾನು ನಡುಮನೆಯಲ್ಲಿ ರಾಗಿ ಬೀಸುತ್ತಾ, ಅವರು ಜಗಲಿಯಲ್ಲಿ ತೊಡೆ ತಟ್ಟುತ್ತಾ, ಬಿಗ್, ಲಾರ್ಜ್, ಗ್ರೇಟ್, ಹ್ಯೂಜ್ ಎಂದು ಹಾಡುತ್ತಿದ್ದೆವು. ಯಾವುದೋ ಸ್ತೋತ್ರವೆಂದುಕೊಂಡು ಬೀದಿಯಲ್ಲಿ ಹೋಗುವವರು ಕೈಮುಗಿದು ಹೋದದ್ದೂ ಉಂಟು.

ಎಲ್ಲ ಪದಗಳೂ ಅವರ ಅಂಕೆಗೆ ಬಂದವು, ಒಂದರ ಹೊರತು. ಅದು ಗೆಟ್. ನೋಡಿದರೆ ಬೆರಳುದ್ದವೂ ಇಲ್ಲದ ಪದ; ಡಿಕ್ಷನರಿಯಲ್ಲಿ ಅದರ ಅರ್ಥಗಳು ಪುಟ ತಿರುವಿದರೂ ಮುಗಿಯುತ್ತಿರಲಿಲ್ಲ. ಪಡೆದರೂ ಗೆಟ್, ತಂದರೂ ಗೆಟ್, ತಲುಪಿದರೂ ಗೆಟ್, ತಿಳಿದರೂ ಗೆಟ್, ಕೊನೆಗೆ ನೆಗಡಿ ಹಿಡಿದರೂ ಗೆಟ್. "ಇದೇನು ಪದವೋ ಧರ್ಮಛತ್ರವೋ! ಬಂದ ಅರ್ಥಕ್ಕೆಲ್ಲ ಚಾಪೆ ಹಾಸಿ ಕೊಡುತ್ತೆ" ಎಂದು ಮಾವನವರು ರೇಗಿದರು. ಆದರೂ ಬಿಡಲಿಲ್ಲ. ಹದಿನೇಳು ಪರ್ಯಾಯಗಳನ್ನು ಆರಿಸಿ, ಹಾಡಲು ಬರುವಂತೆ ಹೊಂದಿಸಿ ನೋಟುಬುಕ್ಕಿನಲ್ಲಿ ಬರೆದರು. ಅಬ್ಟೇನ್, ಅಕ್ವೈರ್, ಪ್ರೊಕ್ಯೂರ್ ಎಂದು ಅದು ಶುರುವಾಗುತ್ತಿತ್ತು. ನನಗೆ ಅದು ಮಂತ್ರದ ಹಾಗೆ ಬಂತು. ಆದರೆ ಬಾಯಾರಿದರೆ ಇಂಗ್ಲಿಷಿನಲ್ಲಿ ನೀರು ಕೇಳಲು ಬರುತ್ತಿರಲಿಲ್ಲ. ಅವರಿಗೂ ಬರುವುದಿಲ್ಲವೆಂಬ ಅನುಮಾನ ನನಗೆ ಬಂದಿತ್ತು. ಹೇಳುವುದು ಹೇಗೆ?

ಬರೆಯುವ ಪರೀಕ್ಷೆಯಲ್ಲಿ ಹೇಗೋ ಪಾಸಾದೆ. ಉಳಿದದ್ದು ಇಂಗ್ಲಿಷ್ ಮಾತಿನ ಪರೀಕ್ಷೆ. ಮನೆಯಲ್ಲೇ ಓದಿದವರು ಅದಕ್ಕೆ ಕೋಲಾರಕ್ಕೆ ಹೋಗಬೇಕಿತ್ತು. ಬೆಳಗಿನ ಬಸ್ಸು ಹತ್ತಿದೆವು. ಪೆಟ್ರೋಲ್ ಸಿಗದ ದಿನಗಳವು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಬಸ್ಸು ಓಡಬೇಕು. ಕಂಡಕ್ಟರು ಒಬ್ಬ ವಯಸ್ಸಾದ ಸಾಬರು. ಹಿಂದೆ ಚಿನ್ನದ ಗಣಿಯಲ್ಲಿ, ಕೆಲಸಗಾರರನ್ನು ಕೆಳಗಿಳಿಸುವ ಪಂಜರದ ಬಾಗಿಲು ಕಾಯುತ್ತಿದ್ದವರಂತೆ. ಅಲ್ಲಿ ದೊರೆಗಳ ಬಾಯಲ್ಲಿ ಕೇಳಿದ ಇಂಗ್ಲಿಷನ್ನೇ ಬಸ್ಸಿಗೂ ತಂದಿದ್ದರು.

"ಗೆಟ್ ಇನ್, ಗೆಟ್ ಇನ್! ಎಕ್ಕಂಡಿ, ಎಕ್ಕಂಡಿ!" ಎಂದು ತೆಲುಗು ಬೆರೆಸಿ ನಮ್ಮನ್ನು ಹತ್ತಿಸಿದರು. ನನ್ನ ತುಟಿ ಅಲುಗುವುದನ್ನು ನೋಡಿ, "ಏನಮ್ಮಾ, ಜಪ ಮಾಡ್ತಿದೀರಾ?" ಎಂದರು. ಪರೀಕ್ಷೆ ಎಂದೆ. "ಅಲ್ಲಾ ಒಳ್ಳೇದ್ ಮಾಡ್ಲಿ" ಎಂದು ಟಿಕೆಟ್ ಹರಿದು ಕೊಟ್ಟರು.

ಅರ್ಧ ದಾರಿಯ ಏರಿನಲ್ಲಿ ಬಸ್ಸು ಉಸಿರು ಬಿಟ್ಟು ನಿಂತಿತು. "ಗೆಟ್ ಡೌನ್! ಅಂದರೂ ದಿಗಂಡಿ!" ಎಲ್ಲರೂ ಇಳಿದೆವು. ಒಂದು ಮಗು ಒಲೆಯ ಹತ್ತಿರ ಹೋಯಿತು, "ಗೆಟ್ ಬ್ಯಾಕ್!" ಎಂದು ಗದರಿದರು, ಮಗು ಹಿಂದೆ ಸರಿಯಿತು. ಡ್ರೈವರಿಗೆ, "ಆ ಇದ್ದಿಲ ಚೀಲ ಗೆಟ್ ಮಾಡ್ಲಾ" ಎಂದರು, ಅವನು ತಂದ. ಗಾಳಿ ಊದುವ ಹಿಡಿಯನ್ನು ಸರದಿಯ ಮೇಲೆ ತಿರುಗಿಸಿದೆವು, ನಾನೂ ತಿರುಗಿಸಿದೆ. ಮಾವನವರು ಚಡಪಡಿಸಿದಾಗ, "ಗೆಟ್ಟಿಂಗ್ ಹಾಟ್ ಸಾಮಿ, ಇನ್ನೈದೇ ನಿಮಿಷ" ಎಂದರು. ಆ ಐದು ನಿಮಿಷ ಒಂದು ಗಂಟೆಯಾಯಿತು.

"ಅವರದು ವ್ಯಾಕರಣ ಇಲ್ಲದ ಭಾಷೆ, ಕಿವಿಗೆ ಹಾಕ್ಕೋಬೇಡ ಮಗೂ. ಹದಿನೇಳೂ ಮನಸ್ಸಲ್ಲೇ ಹೇಳ್ಕೋ" ಎಂದು ಮಾವನವರು ಪಿಸುಗುಟ್ಟಿದರು. ಆದರೆ ಕಿವಿಗೆ ಬಾಗಿಲು ಇದೆಯೇ?

ಪರೀಕ್ಷೆಯ ಕೋಣೆಗೆ ನಾನು ಓಡಿಕೊಂಡೇ ಹೋದೆ. ಒಳಗೆ ಕನ್ನಡಕ ಹಾಕಿದ ಒಬ್ಬ ಹೆಂಗಸು, ಇಸ್ತ್ರಿಯ ಬಿಳಿ ಸೀರೆ. ತಲೆ ಎತ್ತದೆ, "ವೈ ಆರ್ ಯು ಲೇಟ್?" ಎಂದರು.

ನಾನು ಬಾಯಿ ತೆರೆದರೆ ಹೊರಬಿದ್ದದ್ದು, "ಅಬ್ಟೇನ್, ಅಕ್ವೈರ್, ಪ್ರೊಕ್ಯೂರ್..." ಅದೂ ರಾಗವಾಗಿ. ಆಕೆ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಮುಗಿಯಿತು ಎಂದುಕೊಂಡೆ. ಮಾಲೂರಿನ ಅಡಿಗೆಮನೆ, ಸೋದರತ್ತೆಯ ಬಗ್ಗಿದ ಬೆನ್ನು ಕಣ್ಣಿಗೆ ಕಟ್ಟಿತು. ತಲೆ ತಗ್ಗಿಸಿದೆ. ಅಂಗೈ ಪೂರಾ ಇದ್ದಿಲ ಮಸಿ. ಅದನ್ನೇ ಅವರ ಮುಂದೆ ಹಿಡಿದೆ.

"ಬಸ್ ನೋ ಗೆಟ್ ಹಾಟ್" ಎಂದೆ. ಆಮೇಲೆ ತಡೆಯೇ ಇಲ್ಲ. "ಆಲ್ ಗೆಟ್ ಡೌನ್. ಚೈಲ್ಡ್ ಗೆಟ್ ಬ್ಯಾಕ್. ಡ್ರೈವರ್ ಗೆಟ್ ಇದ್ದಿಲು. ಐ ಟರ್ನ್, ಟರ್ನ್, ಟರ್ನ್. ಬಸ್ ಗೆಟ್ ಹಾಟ್. ಆಲ್ ಗೆಟ್ ಇನ್. ಐ ಗೆಟ್ ಲೇಟ್."

ಆಕೆ ಕನ್ನಡಕ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಊರು, ಮನೆ, ಅಡಿಗೆ ಎಂದು ಏನೇನೋ ಕೇಳಿದರು, ನಾನೂ ಹೇಗೋ ಉತ್ತರ ಕೊಟ್ಟೆ. ಕೊನೆಗೆ ಕನ್ನಡದಲ್ಲಿ, "ವ್ಯಾಕರಣ ಆಮೇಲೆ ಕಲೀಬಹುದು. ಹೆದರದೆ ಮಾತಾಡಿದ್ರಲ್ಲ, ಪಾಸು ಮಾಡಿದ್ದೀನಿ, ಹೋಗಮ್ಮ" ಎಂದರು. ಅಬ್ಬಾ! ಹೊಸಿಲು ದಾಟಿದ ಮೇಲೆ ಗೋಡೆಗೆ ಒರಗಿ ಮನಸಾರೆ ಅತ್ತೆ. ಗಂಡ ಹೋದ ಮೇಲೆ ಅಷ್ಟು ಹಗುರವಾಗಿ ಅತ್ತದ್ದು ಅದೇ ಮೊದಲು.

ಮಾವನವರು ಬೇವಿನ ಮರದ ಕೆಳಗೆ ಕೂತಿದ್ದರು. ಪಾಸು ಎಂದೆ. ಅವರು ಒಳಜೇಬಿನಿಂದ ಎರಡು ಕಾರ್ಡು ತೆಗೆದರು, ಎರಡೂ ಅಣ್ಣನ ವಿಳಾಸಕ್ಕೆ. ಒಂದರಲ್ಲಿ ಬಂದು ಕರೆದುಕೊಂಡು ಹೋಗು ಎಂದಿತ್ತು, ಇನ್ನೊಂದರಲ್ಲಿ ಬರಬೇಡ ಎಂದು. ಮೊದಲನೆಯದನ್ನು ಚೂರುಚೂರು ಮಾಡಿ, ಎರಡನೆಯದನ್ನು ನನ್ನ ಕೈಗಿಟ್ಟರು. "ನೀನೇ ಡಬ್ಬಿಗೆ ಹಾಕು. ನಂಗೂ ಒಂದು ವಾಕ್ಯ ಆಡಕ್ಕೆ ಬರಲ್ಲ ಮಗೂ. ನನ್ನ ಪಾಂಡಿತ್ಯ ನಂಬ್ಕೊಂಡು ನಿನ್ನ ಬಾಳು ಹಾಳು ಮಾಡಿದ್ನೇನೋ ಅಂತ ಹೆದರಿ ಸತ್ತಿದ್ದೆ" ಎಂದರು. ಆಮೇಲೆ ಮೆಲ್ಲಗೆ, "ಹದಿನೇಳೂ ಹೇಳ್ದೇನು?" ಎಂದು ಕೇಳಿದರು.

"ಅದರಿಂದಲೇ ಶುರು ಮಾಡ್ದೆ ಮಾವಯ್ಯ" ಎಂದೆ. ಸುಳ್ಳೇನೂ ಅಲ್ಲವಲ್ಲ.

ಸಂಜೆಯ ವಾಪಸು ಬಸ್ಸೂ ಅದೇ, ಸಾಬರೂ ಅವರೇ. ನನ್ನ ಮುಖ ನೋಡಿಯೇ, "ಪಾಸಾ ಅಮ್ಮಾ? ಶಾಬಾಸ್! ಗೆಟ್ ಇನ್, ಗೆಟ್ ಹೋಮ್!" ಎಂದರು. ಬಸ್ಸು ಹೊರಟಿತು. ಮಾವನವರು ಚೀಲದಿಂದ ನೋಟುಬುಕ್ಕು ತೆಗೆದು, ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ, "ಸಾಬ್ರೇ, ಆಗ ಕೊನೇಲಿ ಏನಂದ್ರಿ? ದಯವಿಟ್ಟು ಇನ್ನೊಂದ್ಸಲ ಹೇಳಿ" ಎಂದರು.

ಆ ನೋಟುಬುಕ್ಕು ಈಗಲೂ ನನ್ನ ಹತ್ತಿರ ಇದೆ. ಹದಿನೇಳರವರೆಗೆ ಮುತ್ತಿನಂಥ ಅಕ್ಷರ. ಹದಿನೆಂಟನೆಯದು ಮಾತ್ರ ಬಸ್ಸು ಕುಲುಕಿ ಸೊಟ್ಟಗಾಗಿದೆ: ಗೆಟ್ ಹೋಮ್, ಮನೆ ಸೇರು.