ಕಾಲಡಿಯ ಶಿಫ್ಟ್ ಗುಂಡಿ

ಶಿರಸಿ ಕೋರ್ಟಿನಿಂದ ಸ್ವಲ್ಪ ಕೆಳಗೆ, ಝೆರಾಕ್ಸ್ ಅಂಗಡಿಗಳ ಸಾಲಿನಲ್ಲಿ ಶಾಂಭವಿಯದು ಮೂರನೆಯ ಮಳಿಗೆ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಕುಳಿತು ಅವಳು ಜನರ ಕಾಗದಪತ್ರ ಟೈಪ್ ಮಾಡುತ್ತಿದ್ದಾಳೆ. ಖರೀದಿಪತ್ರ, ಆಸ್ತಿ ಪಾಲಿನ ವಾಟ್ನಿಪತ್ರ, ಮೃತ್ಯುಪತ್ರ, ತಹಶೀಲ್ದಾರರಿಗೆ ಅರ್ಜಿ, ಏನು ಬಂದರೂ ಸರಿ. ಹುಟ್ಟಿದ್ದು ಬನವಾಸಿ ಕಡೆ. ಟೈಪಿಂಗ್ ಕಲಿತದ್ದು ಶಿರಸಿಯಲ್ಲಿ, ಕಬ್ಬಿಣದ ಮಷಿನ್ನಿನ ಮೇಲೆ. ಎದುರಿಗೆ ಕೂತವರು ಮಾತು ಮುಗಿಸುವ ಹೊತ್ತಿಗೆ ಪರದೆಯ ಮೇಲೆ ವಾಕ್ಯವೂ ಮುಗಿದಿರುತ್ತಿತ್ತು. ಅಷ್ಟು ಚುರುಕು ಬೆರಳು.

ಆ ಬೆರಳುಗಳಲ್ಲಿ ಐದು ಒಂದೇ ದಿನ ಹೋದವು. ತಮ್ಮನ ಬೈಕಿನ ಹಿಂದೆ ಕೂತು ಯಲ್ಲಾಪುರದ ಒಂದು ಮದುವೆಗೆ ಹೊರಟಿದ್ದಳು. ಮಂಚಿಕೇರಿ ದಾಟಿದ ಮೇಲೆ ರಸ್ತೆಗೆ ಒಂದು ಕರಿಮೂತಿಯ ಮುಸಿಯ ಮಂಗ ಹಾರಿ, ಬೈಕು ಉರುಳಿತು. ತಮ್ಮನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಶಾಂಭವಿ ಬಲಭುಜದ ಮೇಲೆ ಬಿದ್ದಳು. ಎಲುಬು ಮುರಿದಿದ್ದರೆ ಕೂಡಿಕೊಳ್ಳುತ್ತಿತ್ತು. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳೇ ಹರಿದಿದ್ದವು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ವರ್ಷ ಕಳೆದ ಮೇಲೆ ಮೊಣಕೈ ಒಂದಿಷ್ಟು ಮಡಚತೊಡಗಿತು. ಬೆರಳು ಮಾತ್ರ ಬರಲಿಲ್ಲ.

ಹದಿಮೂರು ತಿಂಗಳ ನಂತರ ಮಳಿಗೆಯ ಬಾಗಿಲು ತೆಗೆದಳು. ಎಡಗೈಯೊಂದು ಉಳಿದಿದೆಯಲ್ಲ, ನಿಧಾನವಾದರೂ ನಡೆಯುತ್ತದೆ ಎಂದುಕೊಂಡಿದ್ದಳು. ಮೊದಲ ದಿನವೇ ತೊಡಕು ಎಲ್ಲಿದೆ ಎಂದು ಗೊತ್ತಾಯಿತು. ಕನ್ನಡದ ಕೀಲಿಮಣೆಯಲ್ಲಿ ಅರ್ಧದಷ್ಟು ಅಕ್ಷರಗಳು ಶಿಫ್ಟ್ ಗುಂಡಿಯ ಹಿಂದೆ ಅಡಗಿವೆ. ‘ಲ’ ಇರುವಲ್ಲೇ ‘ಳ’, ‘ನ’ ಇರುವಲ್ಲೇ ‘ಣ’. ದೀರ್ಘಕ್ಕೂ ಶಿಫ್ಟ್ ಬೇಕು, ಮಹಾಪ್ರಾಣಕ್ಕೂ ಬೇಕು. ಎರಡು ಕೈ ಇದ್ದವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಕೈಯವಳು ಕಿರುಬೆರಳಲ್ಲಿ ಎಡಮೂಲೆಯ ಶಿಫ್ಟ್ ಅದುಮಿಕೊಂಡು ಹೆಬ್ಬೆರಳನ್ನು ಬಲತುದಿಯ ‘ಳ’ಕಾರಕ್ಕೆ ಚಾಚಬೇಕು. ಚಾಚಿದರೂ ಮುಟ್ಟುತ್ತಿರಲಿಲ್ಲ. ಭಾಗಪತ್ರ ಬರೆಯಲು ಹೋದರೆ ಪರದೆಯ ಮೇಲೆ ‘ಬಗಪತ್ರ’ ಬರುತ್ತಿತ್ತು.

ಪಕ್ಕದ ಮಳಿಗೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಉಲ್ಲಾಸ ಬಂದು ನೋಡಿದ. “ಅಕ್ಕಾ, ಇದಕ್ಕೊಂದು ವ್ಯವಸ್ಥೆ ಉಂಟು. ಶಿಫ್ಟ್ ಒಂದ್ಸಲ ಒತ್ತಿ ಬಿಟ್ಬಿಡಿ. ಅದೇ ನೆನಪಿಟ್ಕೊಳ್ತದೆ. ಆಮೇಲೆ ಅಕ್ಷರ ಒತ್ತಿ,” ಎಂದು ಸೆಟ್ಟಿಂಗ್ ಬದಲಿಸಿ ಕೊಟ್ಟ.

ಅದರಿಂದ ಅಕ್ಷರವೇನೋ ಸರಿಯಾಗಿ ಬಂತು. ಆದರೆ ಪ್ರತಿ ದೀರ್ಘಕ್ಕೂ ಒಂದು ಒತ್ತು ಹೆಚ್ಚಿಗೆ, ಪ್ರತಿ ಒತ್ತಿಗೂ ‘ಟಿಂಯ್’ ಎಂಬ ಸದ್ದು. ಅರ್ಧ ಗಂಟೆಯ ಪತ್ರಕ್ಕೆ ಎರಡು ಗಂಟೆ ಹಿಡಿಯಿತು. ಕಾದು ಬೇಸತ್ತವರು ಒಬ್ಬೊಬ್ಬರಾಗಿ ಮುಂದಿನ ಮಳಿಗೆಗೆ ಎದ್ದುಹೋದರು.

ಆಗ ಅವಳು ಮೊಬೈಲಿನಲ್ಲಿ ಬಾಯಿಂದ ಹೇಳಿ ಬರೆಸುವುದನ್ನು ಹಿಡಿದಳು. ಮೈಕಿಗೆ ಮಾತಾಡಿದರೆ ಅಕ್ಷರ ತಾನಾಗಿ ಮೂಡುತ್ತದೆ. ತಪ್ಪನ್ನು ಎಡಗೈಯಲ್ಲಿ ತಿದ್ದಿದರಾಯಿತು. ಊರ ಹೆಸರು ಬಂದಾಗಲೆಲ್ಲ ಅದು ಮುಗ್ಗರಿಸುತ್ತಿತ್ತು. ಮತ್ತಿಘಟ್ಟ ಅಂದರೆ ‘ಮತ್ತೆ ಘಟ್ಟ’, ನಂದೊಳ್ಳಿ ಅಂದರೆ ‘ನಂದು ಹಳ್ಳಿ’. ಆದರೂ ವೇಗ ತಿರುಗಿ ಬಂದಿತ್ತು, ಹೋದ ಜನರೂ ತಿರುಗಿ ಬಂದರು. ನಾಲ್ಕು ತಿಂಗಳು ಅವಳು ಹಾಗೇ ದಾಟಿಸಿದಳು.

ಬನವಾಸಿ ಕಡೆಯ ಪರಮೇಶ್ವರಪ್ಪ ಬಂದದ್ದು ಆಗ. ಎಂಬತ್ತು ಸಮೀಪಿಸಿದ ರೈತ, ಅವಳ ತಂದೆಯ ಕಾಲದಿಂದ ಪರಿಚಯ. ಸ್ಟೂಲನ್ನು ಹತ್ತಿರ ಎಳೆದುಕೊಂಡು, ಧ್ವನಿ ತಗ್ಗಿಸಿ ತನ್ನ ಮೃತ್ಯುಪತ್ರದ ವಿಚಾರ ಹೇಳಿದ. ಹಿರಿಯ ಮಗ ತೀರಿಕೊಂಡಿದ್ದ. ಅವನ ಹೆಂಡತಿ ಗೀತಾಳ ಹೆಸರಿಗೆ ಬಾವಿ ಕಡೆಯ ಎರಡು ಎಕರೆ ಹೋಗಬೇಕು. ಕಿರಿಯ ಮಗ ಸುಭಾಷನಿಗೆ ಉಳಿದದ್ದು. ಸುಭಾಷನಿಗೆ ಇದು ಈಗಲೇ ಗೊತ್ತಾಗಬಾರದು.

ಶಾಂಭವಿ ಎಲ್ಲವನ್ನೂ ಕೇಳಿಸಿಕೊಂಡು, ಮೊಬೈಲ್ ಬಾಯಿಯ ಹತ್ತಿರ ಹಿಡಿದು, ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಮೆಲ್ಲಗೆ ಹೇಳಿದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಅವರಲ್ಲೊಬ್ಬ ಪರಮೇಶ್ವರಪ್ಪನ ಊರಿನವನೇ ಎಂಬುದು ಒಳಗಿದ್ದ ಇಬ್ಬರಿಗೂ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಮುದುಕ ಮತ್ತೆ ಬಂದ. ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತ.

“ಅವತ್ತ ನಾ ಊರಾಗ ಬಸ್ಸಿಳಿಯೂದರಾಗ ಸುಭಾಷ ದಾರಿ ಕಾಯ್ಕೋತ ನಿಂತಿದ್ದ ನೋಡವಾ. ಎರಡು ದಿನ ಆತು, ಮನ್ಯಾಗ ಒಲಿ ಹಚ್ಚಿಲ್ಲ.”

ಶಾಂಭವಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಕಣ್ಣು ಬೆಂಚಿನ ಕಡೆ ಹೋಯಿತು.

“ಕಾಕಾ, ನನ್ನಿಂದ ತಪ್ಪಾತು. ಒಳಗ ಬರ್ರಿ, ಕುಂದರ್ರಿ.”

“ಕೈಲೆ ಬರೀತಿದ್ದಾಗ ನಿನ್ನ ಬಾಯಿ ಮುಚ್ಚಿರ್ತಿತ್ತು ತಂಗಿ,” ಎಂದ ಪರಮೇಶ್ವರಪ್ಪ. ಬೈಗುಳದ ಧ್ವನಿಯಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಆಮೇಲೆ ಅವನು ಸಿದ್ದಾಪುರಕ್ಕೆ ಹೋಗಿ ಬೇರೆಯವರಿಂದ ಪತ್ರ ಬರೆಸಿ ನೋಂದಣಿ ಮಾಡಿಸಿದನೆಂದೂ, ಗೀತಾಳ ಎರಡು ಎಕರೆ ಅದರಲ್ಲಿ ಹಾಗೇ ಉಳಿಯಿತೆಂದೂ ಶಾಂಭವಿಯ ಕಿವಿಗೆ ಬಿತ್ತು. ಆದರೆ ಅವಳ ಮೆಟ್ಟಿಲನ್ನು ಅವನು ಮತ್ತೆ ಹತ್ತಲಿಲ್ಲ.

ಅಂದು ಮಧ್ಯಾಹ್ನ ಶಾಂಭವಿ ಊಟ ಮಾಡಲಿಲ್ಲ. ನಾಲ್ಕು ತಿಂಗಳಲ್ಲಿ ಯಾರ ಯಾರ ಮನೆಯ ಮಾತನ್ನು ಬೆಂಚಿನ ತನಕ ಕೇಳಿಸಿದ್ದೇನೆ ಎಂದು ನೆನಪು ಮಾಡಿಕೊಳ್ಳಲು ಹೋಗಿ, ಅರ್ಧಕ್ಕೇ ಬಿಟ್ಟಳು. ಮೈಕಿನ ಸಹವಾಸ ಆ ದಿನಕ್ಕೇ ಮುಗಿಯಿತು.

ಹೊಲಿಗೆ ಮಷಿನ್ ರಿಪೇರಿಯ ಕಲ್ಲಯ್ಯನ ಅಂಗಡಿ ಎರಡು ಓಣಿ ಆಚೆ. ಕಾಲಿಂದ ತುಳಿಯುವ ಮಷಿನ್ ಇರುವಾಗ ಕಾಲಿಂದ ಒತ್ತುವ ಶಿಫ್ಟ್ ಯಾಕಿರಬಾರದು ಎಂಬುದು ಅವಳ ಪ್ರಶ್ನೆ. ಕಲ್ಲಯ್ಯ ಹಳೆಯ ಮೋಟರ್ ಮಷಿನ್ನಿನ ಪೆಡಲ್ ಒಂದನ್ನು ಕೈಯಲ್ಲಿ ಹಿಡಿದು ತಲೆಯಾಡಿಸಿದ.

“ಇದು ಆಗೂದಿಲ್ರಿ ಅಕ್ಕಾರ. ಇದನ್ನ ಒತ್ತಿದಷ್ಟೂ ಮೋಟರ್ ಜೋರಾಗ್ತೈತಿ. ನಿಮಗ ಜೋರು ಬೇಕಿಲ್ಲ, ‘ಹೌದು’ ಇಲ್ಲಾ ‘ಅಲ್ಲ’, ಎರಡ ಬೇಕು. ಅದಕ್ಕ ಮನಿ ಬಾಗಿಲ ಬೆಲ್ಲಿನ ಗುಂಡಿ ಸಾಕು.”

ಉಲ್ಲಾಸ ಕೆಟ್ಟ ಕೀಲಿಮಣೆಯೊಂದನ್ನು ಕೊಟ್ಟ. ಕಲ್ಲಯ್ಯ ಅದರ ಹಿಂದಿನ ತಿರುಪು ಬಿಚ್ಚಿದ. ಒಳಗೆ ಒಂದರ ಮೇಲೊಂದು ತೆಳುವಾದ ಪ್ಲಾಸ್ಟಿಕ್ ಹಾಳೆ, ಅವುಗಳ ಮೇಲೆ ಬೆಳ್ಳಿಬಣ್ಣದ ಗೆರೆಗಳು, ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಹಸಿರು ಬೋರ್ಡು. ಗುಂಡಿ ಒತ್ತಿದಾಗ ಮೇಲಿನ ಹಾಳೆಯ ಒಂದು ಗೆರೆ ಕೆಳಗಿನ ಹಾಳೆಯ ಒಂದು ಗೆರೆಗೆ ತಾಗುತ್ತದೆ. ಯಾವ ಗೆರೆಗೆ ಯಾವುದು ತಾಗಿತು ಎಂದು ನೋಡಿ ಬೋರ್ಡು ಅಕ್ಷರವನ್ನು ತಿಳಿಯುತ್ತದೆ. ಕೀಲಿಮಣೆಯೆಂದರೆ ಇಷ್ಟೇ. ಹಾಳೆಗಳನ್ನೆಲ್ಲ ಕಿತ್ತೆಸೆದು ಬೋರ್ಡನ್ನು ಮಾತ್ರ ಇಟ್ಟುಕೊಂಡರೂ ನಡೆಯುತ್ತದೆ. ಶಿಫ್ಟಿನ ಎರಡು ಗೆರೆಗಳು ಬೋರ್ಡಿಗೆ ಕೂಡುವ ಬಾಯಿಗಳಿಗೆ ಎರಡು ವೈರ್ ಬೆಸೆದು ಬೆಲ್ಲಿನ ಗುಂಡಿಗೆ ಜೋಡಿಸಿದರೆ ಕೆಲಸ ಮುಗಿಯಿತು.

ಆದರೆ ಬೋರ್ಡಿನ ಅಂಚಿನ ಇಪ್ಪತ್ತಾರು ಬಾಯಿಗಳಲ್ಲಿ ಶಿಫ್ಟಿನವು ಯಾವ ಎರಡು? ಬೇರೆ ಅಕ್ಷರವಾದರೆ ಪರದೆಯ ಮೇಲೆ ಮೂಡಿ ತೋರಿಸಿಕೊಡುತ್ತದೆ. ಶಿಫ್ಟನ್ನು ಒಂಟಿಯಾಗಿ ಒತ್ತಿದರೆ ಏನೂ ಕಾಣುವುದಿಲ್ಲ. ಉಪಾಯ ಹೊಳೆದದ್ದು ಶಾಂಭವಿಗೆ. ಹಸಿರು ಬೋರ್ಡನ್ನೂ ತನ್ನ ಒಳ್ಳೆಯ ಕೀಲಿಮಣೆಯನ್ನೂ ಒಂದೇ ಕಂಪ್ಯೂಟರಿಗೆ ಜೋಡಿಸಿ, ತಾನು ಇಲ್ಲಿ ‘ಲ’ ಒತ್ತುತ್ತ ಕುಳಿತಳು. ಕಲ್ಲಯ್ಯ ಅಲ್ಲಿ ತುಂಡು ವೈರಿನಿಂದ ಎರಡೆರಡು ಬಾಯಿಗಳನ್ನು ಮುಟ್ಟಿಸುತ್ತ ಹೋದ. ಲ, ಲ, ಲ. ನಡುವೆ ಒಂದು ‘ಜ’ ಬಂತು. ಒಮ್ಮೆ ಪರದೆಯ ಮೇಲೆ ಯಾವುದೋ ಪಟ್ಟಿ ತೆರೆದು ಮುಚ್ಚಿತು. ಮತ್ತೆ ಲ, ಲ, ಲ. ಮುಕ್ಕಾಲು ಗಂಟೆ ಹೀಗೇ ನಡೆಯಿತು.

“ಳ!” ಎಂದಳು ಶಾಂಭವಿ. “ಕೈ ತಗೀಬ್ಯಾಡ್ರಿ. ಅಲ್ಲೇ ಹಿಡೀರಿ, ಅಲ್ಲೇ!”

ಕಲ್ಲಯ್ಯ ಉಸಿರು ಬಿಗಿಹಿಡಿದು ಕೂತ. ಅವಳು ಒತ್ತುತ್ತಲೇ ಇದ್ದಳು. ಒಂದು ಸಾಲು ತುಂಬ ಳ, ಳ, ಳ.

ಕಲ್ಲಯ್ಯ ಬೆಲ್ಲಿನ ಗುಂಡಿಯನ್ನು ಎರಡು ಹಲಗೆಗಳ ನಡುವೆ ಕೂರಿಸಿ, ಸ್ಪ್ರಿಂಗ್ ಹಾಕಿ, ಕಾಲಡಿಗೆ ಒರಗುವಂತೆ ಓರೆಯಾಗಿ ಮಾಡಿಕೊಟ್ಟ. ಆದರೆ ಕಾಲಿಗೆ ಬುದ್ಧಿ ಬರಲು ಎರಡು ತಿಂಗಳು ಬೇಕಾಯಿತು. ಕಾಲು ಕೈಗಿಂತ ಒಂದು ಅಕ್ಷರ ತಡ. ‘ಹಣ ಕೊಟ್ಟು’ ಎಂದು ಬರೆಯಹೋದರೆ ‘ಹನ ಖೊಟ್ಟು’ ಬರುತ್ತಿತ್ತು. ಸಿಟ್ಟು ಬಂದು ಒಂದು ದಿನ ಹಲಗೆಯನ್ನು ಒದ್ದದ್ದೂ ಉಂಟು. ಒದೆಗೂ ಒಂದು ಶಿಫ್ಟ್ ಬಿತ್ತು. ಬರಬರುತ್ತ ಕಾಲು ಹಾದಿಗೆ ಬಂತು. ಮೊದಲಿನ ವೇಗದ ಮುಕ್ಕಾಲು ಪಾಲು ಕೈಗೂಡಿತು. ಅದಕ್ಕಿಂತ ಹೆಚ್ಚು ಎಂದೂ ಆಗಲಿಲ್ಲ. ಜನ ಮೆಲ್ಲಗೆ ಹೇಳಿದ್ದು ಮೆಲ್ಲಗೇ ಉಳಿಯಿತು.

ಸುದ್ದಿ ಹರಡಿತು. ನಂದೊಳ್ಳಿಯ ಚೌಡಮ್ಮ ಯಲ್ಲಾಪುರದಿಂದ ಬಸ್ಸು ಹಿಡಿದು ಮಗಳು ಅನುಶ್ರೀಯನ್ನು ಕರೆತಂದಳು. ಇಪ್ಪತ್ತಮೂರರ ಹುಡುಗಿ. ಹುಟ್ಟಿದಾಗಿನಿಂದ ಕೈ ಅಲುಗುತ್ತದೆ, ಮಾತು ಹೊರಗಿನವರಿಗೆ ತಿಳಿಯುವುದಿಲ್ಲ. ಪರೀಕ್ಷೆಯಲ್ಲಿ ಬೇರೆಯವರ ಕೈಯಲ್ಲಿ ಬರೆಸಿ ಬಿ.ಎ. ಪಾಸಾಗಿದ್ದಳು.

“ಒಂದು ಒತ್ತಾಕೆ ಹೋದ್ರೆ ನಾಕು ಒತ್ತಿ ಹೋಗ್ತದೆ ಅಕ್ಕ. ಇದಕ್ಕೆ ಎಂತ ಮಾಡೂದು?” ಎಂದಳು ಚೌಡಮ್ಮ.

ಈ ಸಲ ಕಾಲಡಿಯ ಗುಂಡಿ ಉಪಯೋಗಕ್ಕೆ ಬರಲಿಲ್ಲ. ಹುಡುಗಿಯ ಕಾಲೂ ಅಲುಗುತ್ತಿತ್ತು. ಕಲ್ಲಯ್ಯ ದಪ್ಪನೆಯ ಪಾರದರ್ಶಕ ಹಾಳೆ ತಂದು, ಪ್ರತಿ ಗುಂಡಿಯ ನೇರಕ್ಕೆ ಒಂದೊಂದು ತೂತು ಕೊರೆದು ಕೀಲಿಮಣೆಯ ಮೇಲೆ ಕೂರಿಸಿದ. ಈಗ ಕೈಯನ್ನು ಅದರ ಮೇಲೆ ಪೂರ್ತಿ ಊರಬಹುದು. ತೂತಿನೊಳಗೆ ಇಳಿದ ಬೆರಳಷ್ಟೇ ಗುಂಡಿ ಮುಟ್ಟುತ್ತದೆ. ಅರ್ಧ ಸೆಕೆಂಡಾದರೂ ಹಿಡಿಯದ ಗುಂಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದಂತೆ ಉಲ್ಲಾಸ ಕಂಪ್ಯೂಟರನ್ನು ಹೊಂದಿಸಿದ. ಶಾಂಭವಿಗೆ ಬೇಸರ ತರಿಸಿದ್ದ ‘ಒತ್ತಿ ಬಿಡುವ ಶಿಫ್ಟ್’ ಈ ಹುಡುಗಿಗೆ ಹೇಳಿ ಮಾಡಿಸಿದಂತಿತ್ತು. ತನ್ನ ಹೆಸರಿನ ‘ಶ್ರೀ’ ಬರೆಯಲು ಅವಳಿಗೆ ಆರು ಒತ್ತು ಬೇಕಾದವು. ಆರೂ ಸರಿಯಾಗಿ ಬಿದ್ದವು.

ಆರು ತಿಂಗಳು ಕಲಿಸಿದ ಮೇಲೆ, ಕೈಬರಹದ ಕರಡುಗಳನ್ನು ಟೈಪ್ ಮಾಡಲು ಅವಳ ಮನೆಗೆ ಕಳಿಸುವ ಯೋಚನೆ ಶಾಂಭವಿಗೆ ಬಂತು. ಒಂದು ಅಳುಕಿತ್ತು. ಅದನ್ನು ಬಾಯಿಬಿಟ್ಟೇ ಕೇಳಿದಳು.

“ಜನರ ಮನಿ ವಿಚಾರ ಇರ್ತಾವ ತಂಗಿ. ಯಾರ ಮುಂದೂ ಬಾಯಿ ಬಿಡಬಾರದು.”

ಅನುಶ್ರೀ ಕೀಲಿಮಣೆಯ ಮೇಲೆ ಬಾಗಿದಳು. ಎರಡು ನಿಮಿಷ ಹಿಡಿಯಿತು. ಪರದೆಯ ಮೇಲೆ ಬಂದದ್ದು: ‘ನಾನು ಹೇಳಿದ್ದು ಅಮ್ಮನಿಗೇ ಅರ್ಧ ತಿಳಿಯುವುದಿಲ್ಲ. ಊರಿಗೆ ಎಂತ ತಿಳಿಯುತ್ತದೆ?’

ಶಾಂಭವಿ ನಕ್ಕುಬಿಟ್ಟಳು. ಚೌಡಮ್ಮ ಓದಲು ಬಾರದೆ ಇಬ್ಬರ ಮುಖವನ್ನೂ ನೋಡಿದಳು. ಹುಡುಗಿ ತಾಯಿಗೆ ಅದನ್ನು ಹೇಳಲಿಲ್ಲ.

ದಿನಕ್ಕೆ ನಾಲ್ಕು ಪುಟ, ಹೆಚ್ಚೆಂದರೆ ಐದು. ಒಂದೊಂದು ಅಕ್ಷರವನ್ನೂ ನೋಡಿ ಒತ್ತುವವಳಾದ್ದರಿಂದ ಅವಳ ಪುಟದಲ್ಲಿ ತಿದ್ದಲು ಏನೂ ಇರುತ್ತಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಒಂದು ಖರೀದಿಪತ್ರ ಮರುದಿನ ಬೆಳಿಗ್ಗೆ ನೋಂದಣಿಗೆ ಹೋಗಬೇಕಿತ್ತು. ಸಂಜೆ ಐದಕ್ಕೆ ಅನುಶ್ರೀಯ ಸಂದೇಶ ಬಂತು: ‘ಮೇಡಂ, ಜಮೀನಿನ ಗಡಿ ಹೇಳುವಲ್ಲಿ ಪೂರ್ವ ಎರಡು ಸಲ ಬಂದಿದೆ. ಉತ್ತರ ಇಲ್ಲ.’

ಎಡಗೈಯಲ್ಲಿ ಆ ಕರಡು ಬರೆದವಳು ಶಾಂಭವಿಯೇ. ತೆಗೆದು ನೋಡಿದಳು. ಹೌದು, ಉತ್ತರ ಇರಲಿಲ್ಲ. ಪತ್ರ ಬರೆಸಿದವನಿಗೆ ಫೋನ್ ಹಚ್ಚಿ, ಉತ್ತರಕ್ಕೆ ಯಾರ ಜಮೀನು ಎಂದು ಕೇಳಿ, ಆ ಹೆಸರನ್ನು ನಂದೊಳ್ಳಿಗೆ ಕಳಿಸಿ, ಅನುಶ್ರೀಯ ಪುಟಕ್ಕಾಗಿ ಕಾಯುತ್ತ ಕುಳಿತಳು.